ಗಾಮಾ ಕಿರಣ ಮೈಯಲ್ಲಿ ಉಳಿಯುತ್ತದೆಯೇ?

2011ರ ಬೇಸಿಗೆಯಲ್ಲಿ ನನ್ನ ಹೆಂಡತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಐದು ವಾರ ಇದ್ದು 'ಕರೆಂಟ್' ಕೊಡಿಸಿಕೊಂಡು ಬಂದೆವು. ನಮ್ಮ ಕಡೆ ಜನ ಹಾಗೇ ಹೇಳುವುದು, ಕರೆಂಟ್ ಕೊಡೋದು, ಇಲ್ಲವೇ ಶಾಖ ಕೊಡೋದು ಅಂತ. ಊರಿಗೆ ಬಂದಾಗ ಆಕೆಯ ಕೆಳಹೊಟ್ಟೆಯ ಚರ್ಮ ಕಪ್ಪಾಗಿತ್ತು, ಸುಸ್ತು ಬಹಳ. ನೋಡಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಬಾಣಂತನಕ್ಕೆ ಬಂದಿದ್ದ ನನ್ನ ತಂಗಿ ಒಂದು ದಿನ ಮೆಲ್ಲಗೆ, "ಅಣ್ಣಾ, ಅತ್ತಿಗೆ ಕೈಗೆ ಕೂಸು ಕೊಡಾಕೆ ಭಯ ಆಗ್ತೈತೆ. ಬೇಜಾರು ಮಾಡ್ಕಬ್ಯಾಡ ಅಂತ ನೀನೇ ಹೇಳು" ಎಂದಳು.

ತಂಗಿಯನ್ನು ಯಾಕೆ ದೂರಲಿ? ಮೂರು ತಿಂಗಳು ನಾನೇ ಪಡಸಾಲೆಯಲ್ಲಿ ಬೇರೆ ಮಲಗಿದೆ. ಆಕೆಯ ತಟ್ಟೆ ಲೋಟ ಬೇರೆ ಇಡಿಸಿದೆ. ಆಕೆ ಏನೂ ಅನ್ನಲಿಲ್ಲ. ತಾನೇ ತೊಳೆದು ಮೂಲೆಗೆ ಬೋರಲು ಹಾಕಿಕೊಳ್ಳುತ್ತಿದ್ದಳು.

ಮೂರು ತಿಂಗಳಾದ ಮೇಲೆ ಮತ್ತೆ ತೋರಿಸಲು ಹೋದಾಗ, ಮಿಶನ್ ನಡೆಸುವ ಹುಡುಗನನ್ನು ಕೇಳಿದೆ: "ಸಾರ್, ಆಯಮ್ಮನ ಮೈಯಿಂದ ಮಕ್ಕಳಿಗೆ ಏನಾರ ಆಗ್ತದಾ?" ಆತ ನಕ್ಕು, "ನಿಮ್ಮ ಮನೇಲಿ ಬಲ್ಬು ಆರಿಸಿದ ಮೇಲೆ ಗೋಡೇಲಿ ಬೆಳಕು ಉಳೀತದಾ ಯಜಮಾನ್ರೇ?" ಅಂದ.

ಆ ಮಾತು ನನ್ನನ್ನು ಹಿಡಿದುಕೊಂಡಿತು. ಕ್ಯಾನ್ಸರಿಗೆ ಕೊಟ್ಟ ಕಿರಣಕ್ಕೂ ಬಲ್ಬಿನ ಬೆಳಕಿಗೂ ಏನು ಸಂಬಂಧ? ಊರಿಗೆ ಬಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಹತ್ತಿರ ಹಲವು ಸಂಜೆ ಕೂತು ಕೇಳಿಕೊಂಡೆ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ತಿಳಿದಷ್ಟನ್ನು, ತಿಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

ಒಂದೇ ಕುಲ, ಏಳು ಮನೆ

ಕೆರೆಗೆ ಕಲ್ಲು ಹಾಕಿದರೆ ಅಲೆ ಏಳುತ್ತದಲ್ಲ, ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರವನ್ನು ಅಲೆಯ ಉದ್ದ ಎನ್ನುತ್ತಾರೆ. ಬೆಳಕೂ ಅಲೆಯೇ. ಆದರೆ ಅದು ಸಾಗಲು ನೀರು ಬೇಡ, ಗಾಳಿಯೂ ಬೇಡ. ವಿದ್ಯುತ್ತು ಮತ್ತು ಅಯಸ್ಕಾಂತದ ಶಕ್ತಿ ಒಂದನ್ನೊಂದು ಎಬ್ಬಿಸುತ್ತ ಓಡುವ ಅಲೆ ಅದು. ಅದಕ್ಕೇ ವಿದ್ಯುತ್ಕಾಂತೀಯ ಅಲೆ ಅಂತ ಹೆಸರು. ಓಟ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಸೂರ್ಯನಿಂದ ನಮ್ಮ ಹೊಲಕ್ಕೆ 15 ಕೋಟಿ ಕಿಲೋಮೀಟರು ಬರಲು ಎಂಟು ನಿಮಿಷ ಚಿಲ್ಲರೆ ಸಾಕು.

ಈ ಕುಲದಲ್ಲಿ ಏಳು ಮನೆಗಳಿವೆ. ಎಲ್ಲರ ಓಟವೂ ಒಂದೇ. ವ್ಯತ್ಯಾಸ ಇರುವುದು ಅಲೆಯ ಉದ್ದದಲ್ಲಿ ಮಾತ್ರ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯೋಣ.

1. ರೇಡಿಯೋ ಅಲೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್‌ನಲ್ಲಿ ಕೃಷಿ ಕಾರ್ಯಕ್ರಮ ಕೇಳಿದವರು ನಮ್ಮಲ್ಲಿ ಬಹಳ ಜನ. ಆ ಅಲೆಯ ಉದ್ದ ಸುಮಾರು 490 ಮೀಟರು, ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರು. ಎಫ್.ಎಂ. ಅಲೆ 3 ಮೀಟರಿನ ಆಸುಪಾಸು.

2. ಮೈಕ್ರೋವೇವ್. ಮೊಬೈಲಿನ ಅಲೆಗಳು ಈ ಗುಂಪಿನವು. ಉದ್ದ ಒಂದು ಗೇಣಿನ ಆಸುಪಾಸು.

3. ಅತಿಗೆಂಪು ಕಿರಣ. ಒಲೆಯ ಮುಂದೆ ಕೂತರೆ ಮುಖಕ್ಕೆ ತಾಗುವ ಕಾವು. ಕಣ್ಣಿಗೆ ಕಾಣದು, ಚರ್ಮಕ್ಕೆ ತಿಳಿಯುತ್ತದೆ. ಟಿವಿ ರಿಮೋಟ್ ಕೆಲಸ ಮಾಡುವುದೂ ಇದರಿಂದಲೇ.

4. ಕಣ್ಣಿಗೆ ಕಾಣುವ ಬೆಳಕು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ, ಅಂಥ ಒಂದು ಪಾಲಿನಲ್ಲಿ ಕೆಂಪು ಬಣ್ಣ 0.7ರಷ್ಟು, ನೇರಳೆ 0.4ರಷ್ಟು. ಕಾಮನಬಿಲ್ಲಿನ ಬಣ್ಣಗಳೆಲ್ಲ ಇಷ್ಟರೊಳಗೇ ಮುಗಿದವು. ಇಷ್ಟು ದೊಡ್ಡ ಕುಲದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಈ ಒಂದೇ ಮನೆ.

5. ನೇರಳಾತೀತ ಕಿರಣ. ಬಿಸಿಲಿನಲ್ಲಿ ಇದೂ ಇದೆ. ಬಯಲಲ್ಲಿ ಬಿದ್ದ ಪ್ಲಾಸ್ಟಿಕ್ ಪೈಪು ಎರಡು ಮೂರು ವರ್ಷಕ್ಕೆ ಲಟಲಟ ಮುರಿಯುವುದು ಇದರ ಹೊಡೆತಕ್ಕೇ. ಅಂಗಡಿಯವರು 'ಯು.ವಿ. ಶೀಟು' ಎಂದು ಮಾರುವುದು ಇದನ್ನು ತಡೆದುಕೊಳ್ಳುವ ಹಾಳೆಯನ್ನು.

6. ಎಕ್ಸ್‌ರೇ. ಜರ್ಮನಿಯ ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದದ್ದು. ಇದರ ಉದ್ದ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಅಂದರೆ ಒಂದು ಪರಮಾಣುವಿನ ಗಾತ್ರ.

7. ಗಾಮಾ ಕಿರಣ. ಎಲ್ಲರಿಗಿಂತ ಗಿಡ್ಡ ಅಲೆ. ಆಸ್ಪತ್ರೆಯ ಕೋಬಾಲ್ಟ್ ಮಿಶನ್ನಿನ ಗಾಮಾ ಅಲೆ ಮಿಲಿಮೀಟರಿನ ನೂರು ಕೋಟಿಯಲ್ಲೊಂದು ಪಾಲು.

ಇದನ್ನು ಮೊದಲು ಗುರುತಿಸಿದವರು ಫ್ರಾನ್ಸಿನ ಪಾಲ್ ವಿಲ್ಲಾರ್, 1900ರಲ್ಲಿ, ರೇಡಿಯಂ ಎಂಬ ವಸ್ತುವಿನಿಂದ ಹೊರಡುವ ಕಿರಣಗಳಲ್ಲಿ. 'ಗಾಮಾ' ಎಂದು ಹೆಸರಿಟ್ಟವರು ರುದರ್‌ಫೋರ್ಡ್, 1903ರಲ್ಲಿ. ಅದಕ್ಕೂ ಮೊದಲು ಸಿಕ್ಕಿದ್ದ ಎರಡಕ್ಕೆ ಅವರು ಆಲ್ಫಾ, ಬೀಟಾ ಎಂದು ಹೆಸರಿಟ್ಟಿದ್ದರು. ಗ್ರೀಕರ ಅಕ್ಷರಮಾಲೆಯಲ್ಲಿ ಮೂರನೆಯದು ಗಾಮಾ, ಅಷ್ಟೇ. ಆಲ್ಫಾ ಬೀಟಾಗಳು ಅಲೆಯಲ್ಲ, ಪರಮಾಣುವಿನಿಂದ ಸಿಡಿಯುವ ಚೂರುಗಳು. ಆಲ್ಫಾವನ್ನು ಒಂದು ಕಾಗದ ತಡೆಯುತ್ತದೆ, ಬೀಟಾವನ್ನು ತೆಳ್ಳನೆ ಅಲ್ಯೂಮಿನಿಯಂ ತಗಡು. ಗಾಮಾ ಬೆಳಕಿನ ಕುಲದ್ದೇ ಎಂದು ಖಚಿತವಾದದ್ದು 1914ರಲ್ಲಿ, ಹರಳುಗಳ ಸಹಾಯದಿಂದ ಅದರ ಅಲೆಯ ಉದ್ದ ಅಳೆದಾಗ.

ಸೋನೆ ಮಳೆ, ಆಲಿಕಲ್ಲು

ಒಂದೇ ಕುಲದವರಾದರೆ ರೇಡಿಯೋ ಕೇಳಿದರೆ ಏನೂ ಆಗದು, ಗಾಮಾ ತಾಗಿದರೆ ಮಾತ್ರ ಜೀವಕ್ಕೆ ಅಪಾಯ, ಹೀಗೇಕೆ? ನನಗೂ ಇದೇ ಪ್ರಶ್ನೆ ಬಂತು.

ಈ ಅಲೆಗಳು ತಮ್ಮ ಶಕ್ತಿಯನ್ನು ನೀರು ಹರಿಸಿದಂತೆ ಒಂದೇ ಸಮ ಕೊಡುವುದಿಲ್ಲ. ಕಾಳು ಕಾಳಾಗಿ ಎರಚುತ್ತವೆ. ಅಲೆ ಗಿಡ್ಡವಾದಷ್ಟೂ ಒಂದೊಂದು ಕಾಳಿನ ಹೊಡೆತ ಜೋರು. ಸೋನೆ ಮಳೆ ದಿನವೆಲ್ಲಾ ಹಿಡಿದರೂ ಶೇಂಗಾದ ಎಲೆ ಹರಿಯುವುದಿಲ್ಲ. ಆಲಿಕಲ್ಲು ಒಂದೇ ಬಿದ್ದರೂ ಎಲೆ ತೂತು. ಬಿದ್ದ ನೀರಿನ ಲೆಕ್ಕ ಹಿಡಿದರೆ ಸೋನೆಯೇ ಹೆಚ್ಚು, ಆದರೆ ಎಲೆ ಹರಿಯುವುದು ಹನಿಯ ಹೊಡೆತದಿಂದ. ಕೋಬಾಲ್ಟಿನ ಗಾಮಾ ಕಿರಣದ ಒಂದು ಕಾಳಿಗೆ ದೀಪದ ಬೆಳಕಿನ ಒಂದು ಕಾಳಿಗಿಂತ ಸುಮಾರು 5 ಲಕ್ಷ ಪಟ್ಟು ಶಕ್ತಿ. ಅದು ಮೈಯೊಳಗಿನ ಪರಮಾಣುಗಳ ಬೆಸುಗೆಯನ್ನು ಬಿಡಿಸುತ್ತದೆ. ಜೀವಕೋಶದ ಒಳಗೆ ವಂಶದ ಗುಣ ಬರೆದಿಟ್ಟ ಎಳೆಯೇ ತುಂಡಾಗುತ್ತದೆ.

'ಶಾಖ ಕೊಡೋದು' ಎಂಬ ಮಾತು ತಪ್ಪು ಎಂದು ತಿಳಿದದ್ದೂ ಇಲ್ಲೇ. ಕಿರಣ ಎಷ್ಟು ತಾಗಿತು ಎಂದು ಅಳೆಯಲು 'ಗ್ರೇ' ಎಂಬ ಅಳತೆ ಇದೆ. ಇಡೀ ಮೈಗೆ ಒಂದೇ ಸಲಕ್ಕೆ 4-5 ಗ್ರೇ ತಾಗಿ ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕರ್ಧ ಜನ ಬದುಕುವುದಿಲ್ಲ. ಆದರೆ ಅಷ್ಟು ಕಿರಣದಿಂದ ಮೈಗೆ ಏರುವ ಬಿಸಿ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಮಾತ್ರ. ಉರಿ ಇಲ್ಲ, ವಾಸನೆ ಇಲ್ಲ, ತಾಗಿದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಇದಕ್ಕೆ ಹೆದರಬೇಕು.

ಹಾಗಾದರೆ ಆಸ್ಪತ್ರೆಯಲ್ಲಿ ಕೊಡುವುದೇಕೆ? ಕ್ಯಾನ್ಸರಿನ ಕೋಶಗಳು ಕಳೆಯ ಹಾಗೆ ಬೇಗ ಬೇಗ ಬೆಳೆಯುತ್ತವೆ. ಏಟು ಬಿದ್ದರೆ ಸುಧಾರಿಸಿಕೊಳ್ಳುವ ಶಕ್ತಿ ಅವಕ್ಕೆ ಕಮ್ಮಿ. ಒಳ್ಳೆಯ ಕೋಶಗಳು ದಿನ ಬಿಟ್ಟರೆ ಬಹುಪಾಲು ಸುಧಾರಿಸುತ್ತವೆ. ಅದಕ್ಕೇ ರೋಗ ಇದ್ದ ಜಾಗಕ್ಕೆ ಮಾತ್ರ ಗುರಿಯಿಟ್ಟು, ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಒಟ್ಟು 25 ಸಲ ಕೊಟ್ಟರು. ಒಂದೊಂದು ಸಲಕ್ಕೂ ಕೆಲವೇ ನಿಮಿಷ. ಒಟ್ಟಿಗೇ ಕೊಟ್ಟರೆ ಕಳೆಯ ಜೊತೆ ಬೆಳೆಯೂ ಸುಡುತ್ತದೆ.

ಎಕ್ಸ್‌ರೇಗೂ ಗಾಮಾಕ್ಕೂ ಭೇದ

ಶೇಂಗಾ ಕಾಯಿಗೆ ಹೊರಗೆ ಸಿಪ್ಪೆ, ಒಳಗೆ ಬೀಜ. ಪರಮಾಣುವಿಗೂ ಹೊರಗೆ ಎಲೆಕ್ಟ್ರಾನುಗಳು, ನಡುವೆ ಗಟ್ಟಿ ಬೀಜ. ಹೊರಗಿನ ಎಲೆಕ್ಟ್ರಾನುಗಳಿಂದ ಹೊರಟರೆ ಎಕ್ಸ್‌ರೇ, ಒಳಗಿನ ಬೀಜದಿಂದಲೇ ಹೊರಟರೆ ಗಾಮಾ. ಹುಟ್ಟಿದ ಜಾಗವೇ ಮುಖ್ಯ ಭೇದ. ಶಕ್ತಿಯಲ್ಲಿ ಎರಡೂ ಮನೆಯ ಗಡಿ ಒಂದರ ಮೇಲೊಂದು ಹಾಯ್ದಿದೆ. ಈಗ ಹೆಚ್ಚಿನ ಆಸ್ಪತ್ರೆಗಳಲ್ಲಿ ಕೋಬಾಲ್ಟಿನ ಬದಲು ಲೀನಿಯರ್ ಆಕ್ಸಿಲರೇಟರ್ ಎಂಬ ಮಿಶನ್ ಇದೆ. ಅದು ಕೊಡುವುದು ಎಕ್ಸ್‌ರೇಯನ್ನೇ, ಅದು ಕೋಬಾಲ್ಟಿನ ಗಾಮಾಕ್ಕಿಂತ ಜೋರಾಗಿರುವುದೂ ಉಂಟು.

ಆದರೆ ಇನ್ನೊಂದು ದೊಡ್ಡ ಭೇದವನ್ನು ನಾವು ನೆನಪಿಡಬೇಕು. ಎಕ್ಸ್‌ರೇ ಮಿಶನ್ನಿಗೆ ಸ್ವಿಚ್ ಇದೆ, ಆರಿಸಿದರೆ ಮುಗಿಯಿತು. ಕೋಬಾಲ್ಟ್-60 ಎಂಬ ಲೋಹದ ತುಣುಕಿಗೆ ಸ್ವಿಚ್ ಇಲ್ಲ. ಹಗಲು ರಾತ್ರಿ ಅದು ಉರಿಯುತ್ತಲೇ ಇರುತ್ತದೆ. 5.27 ವರ್ಷಕ್ಕೆ ಅರ್ಧ, ಮತ್ತೆ 5.27 ವರ್ಷಕ್ಕೆ ಅದರಲ್ಲಿ ಅರ್ಧ, ಹೀಗೆ ಕಮ್ಮಿಯಾಗುತ್ತ ಹೋಗುತ್ತದೆ. ಅಲ್ಲಿಯವರೆಗೆ ದಪ್ಪ ಸೀಸದ ಒಳಗೆ ಮುಚ್ಚಿಡಬೇಕು. ಬೇಕಾದಾಗ ಮುಚ್ಚಳ ಸರಿಸಿ, ಬೇಡವಾದಾಗ ಮುಚ್ಚುತ್ತಾರೆ.

ಬೆಳಕು ಬೇರೆ, ದೀಪದ ಎಣ್ಣೆ ಬೇರೆ

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ.

ಕಿರಣ ಅಂದರೆ ಬೆಳಕು. ಮೈ ಹೊಕ್ಕ ಗಾಮಾ ಕಿರಣದಲ್ಲಿ ಕೆಲವು ದಾಟಿ ಹೋಗುತ್ತವೆ, ಕೆಲವು ತಮ್ಮ ಶಕ್ತಿ ಕೊಟ್ಟು ಅಲ್ಲೇ ಮುಗಿಯುತ್ತವೆ. ಮುಚ್ಚಳ ಮುಚ್ಚಿದ ಕ್ಷಣಕ್ಕೆ ಮೈಯೊಳಗೆ ಒಂದು ಕಿರಣವೂ ಇರುವುದಿಲ್ಲ. ಪರಮಾಣುವಿನ ಬೀಜವನ್ನೇ ಕದಲಿಸಿ ಮೈಯನ್ನು ಇನ್ನೊಂದು ದೀಪ ಮಾಡುವಷ್ಟು ಶಕ್ತಿ ಕೋಬಾಲ್ಟಿನ ಗಾಮಾಕ್ಕೆ ಇಲ್ಲ. ಮತ್ತೆ ಚರ್ಮ ಕಪ್ಪಾದದ್ದು, ಸುಸ್ತು? ಅದು ಏಟಿನ ಗುರುತು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಕಳೆ ಕಿತ್ತವರ ಬೆನ್ನು ರಾತ್ರಿ ಉರಿಯುತ್ತದೆ. ಹಾಗಂತ ಬೆನ್ನೊಳಗೆ ಸೂರ್ಯ ಕೂತಿದ್ದಾನೆಯೇ?

ಆದರೆ ದೀಪದ ಎಣ್ಣೆಯೇ ಬಟ್ಟೆಗೆ ಚೆಲ್ಲಿದರೆ? ಅದು ಹತ್ತುತ್ತದೆ, ಮುಟ್ಟಿದವರಿಗೂ ಅಂಟುತ್ತದೆ. ಕಿರಣ ಕೊಡುವ ವಸ್ತು ಪುಡಿಯಾಗಿಯೋ ನೀರಾಗಿಯೋ ಮೈಗೆ, ಮಣ್ಣಿಗೆ ಸೇರಿದರೆ ಹೀಗೇ. 1986ರಲ್ಲಿ ಆಗಿನ ಸೋವಿಯತ್ ದೇಶದ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಆ ವಸ್ತುವೇ ಗಾಳಿಯಲ್ಲಿ ಹಾರಿ ಹೊಲ ಹುಲ್ಲುಗಾವಲಿನ ಮೇಲೆ ಬಿತ್ತು. ಅದಕ್ಕೇ ಅಲ್ಲಿ ಊರು ಖಾಲಿ ಮಾಡಿಸಿದ್ದು. ನಮ್ಮ ಜನ ಈ ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಇಷ್ಟೆಲ್ಲ ಗೊಂದಲ.

ಆಸ್ಪತ್ರೆಯಲ್ಲೂ ಈ ಭೇದ ಇದೆ. ಹೊರಗಿನ ಮಿಶನ್ನಿಂದ ಕಿರಣ ಕೊಟ್ಟವರನ್ನು ಆಗಲೇ ಅಪ್ಪಿಕೊಳ್ಳಬಹುದು. ಗರ್ಭಕೋಶದ ಬಾಯಿಗೆ ಒಳಗಿನಿಂದಲೂ ಕೊಡುತ್ತಾರೆ. ಆ ತುಣುಕನ್ನು ನಳಿಕೆಯಲ್ಲಿ ಕಳಿಸಿ ಹೊರಗೆ ತೆಗೆದ ಮೇಲೆ ಅಲ್ಲೂ ಏನೂ ಉಳಿಯುವುದಿಲ್ಲ. ಆದರೆ ಥೈರಾಯ್ಡಿನ ಕೆಲವು ರೋಗಕ್ಕೆ ಅಯೋಡಿನ್-131 ಎಂಬ ಔಷಧಿ ಕುಡಿಸುತ್ತಾರೆ. ಅದು ಎಣ್ಣೆ ಕುಡಿಸಿದ ಹಾಗೆ. ಅಂಥವರು ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಎಷ್ಟು ದಿನ ಎಂದು ಡಾಕ್ಟರೇ ಹೇಳುತ್ತಾರೆ. ಊರವರನ್ನು ಕೇಳುವ ಬದಲು ಅಲ್ಲೇ ಕೇಳಿಕೊಂಡು ಬರಬೇಕು. ನಾನು ಮಾಡದೆ ಹೋದದ್ದು ಅದನ್ನೇ.

ಈರುಳ್ಳಿಗೆ, ಶೇಂಗಾಕ್ಕೆ ಗಾಮಾ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 2002ರಲ್ಲಿ ಕೃಷಿ ಉತ್ಪನ್ನಗಳಿಗೆ ಗಾಮಾ ಕೊಡುವ ಘಟಕ ತೆರೆದರು. ಈರುಳ್ಳಿಗೆ ಅಲ್ಪ ಪ್ರಮಾಣದ ಗಾಮಾ ಕೊಟ್ಟರೆ ಮೊಳಕೆಯ ಕಣ್ಣಿನ ಕೋಶಗಳು ಒಡೆದು ಹೆಚ್ಚುವುದು ನಿಲ್ಲುತ್ತದೆ, ಗಡ್ಡೆ ಮೊಳೆಯುವುದಿಲ್ಲ. ಗಡ್ಡೆ ಬೇಯುವುದೂ ಇಲ್ಲ, ಅದರಲ್ಲಿ ಕಿರಣ ಉಳಿಯುವುದೂ ಇಲ್ಲ. 2007ರಿಂದ ನಮ್ಮ ದೇಶದ ಮಾವು ಅಮೆರಿಕಕ್ಕೆ ಹೋಗಲು ದಾರಿಯಾದದ್ದೂ ಹೀಗೇ. ಹಣ್ಣಿನೊಳಗಿನ ಹುಳ ಸಂತಾನ ಬೆಳೆಸದಂತೆ ಗಾಮಾ ತಡೆಯುತ್ತದೆ.

ಈರುಳ್ಳಿ ಬೆಳೆಗಾರರು ಮೂರು ವಿಷಯ ತಿಳಿದಿರಬೇಕು. ಒಂದು, ಗಡ್ಡೆ ಇನ್ನೂ ನಿದ್ದೆಯಲ್ಲಿದ್ದಾಗ, ಕಿತ್ತ ಕೆಲವೇ ವಾರಗಳಲ್ಲಿ ಕೊಡಿಸಬೇಕು. ಒಳಗೆ ಮೊಳಕೆ ಎದ್ದ ಮೇಲೆ ಲಾಭವಿಲ್ಲ. ಎರಡು, ಇದು ಮೊಳಕೆಗೆ ಮದ್ದು, ಕೊಳೆಗೆ ಅಲ್ಲ. ಸರಿಯಾಗಿ ಒಣಗಿಸದೆ, ಗಾಳಿಯಾಡದ ಕೋಣೆಯಲ್ಲಿ ತುಂಬಿದರೆ ಗಾಮಾ ಕೊಟ್ಟ ಈರುಳ್ಳಿಯೂ ಕೊಳೆಯುತ್ತದೆ. ಮೂರು, ಅಂಥ ಗಡ್ಡೆಯನ್ನು ಬೀಜಕ್ಕೆಂದು ನೆಟ್ಟರೆ ಕೆಟ್ಟೆವು, ಅದು ಹುಟ್ಟುವುದೇ ಇಲ್ಲ. ಗಾಮಾ ಕೊಟ್ಟ ಆಹಾರದ ಪೊಟ್ಟಣದ ಮೇಲೆ ವೃತ್ತದೊಳಗೆ ಎಲೆಯಂಥ ಹಸಿರು ಗುರುತು ಇರಬೇಕೆಂದು ನಮ್ಮಲ್ಲಿ ಕಾಯಿದೆ ಇದೆ.

ಶೇಂಗಾದ ಕತೆ ಬೇರೆ. ನಮ್ಮ ಖುಷ್ಕಿ ಹೊಲಗಳಿಗೆ ಟಿ.ಎಂ.ವಿ.-2 ಹಳೇ ನಂಟು. ಒಮ್ಮೆ ಪಕ್ಕದ ಹೊಲದವರ ಬೋರಿನ ನೀರಲ್ಲಿ ಬೇಸಿಗೆಗೆ ಟಿ.ಎ.ಜಿ.-24 ಹಾಕಿದೆ. "ಅದು ಅಣುಬಾಂಬಿನವರ ಬೀಜ, ಹೊಲ ಕೆಡ್ತದೆ" ಎಂದು ಹೇಳಿದವರಿದ್ದರು. ಅದರ ವಂಶ ಹೀಗಿದೆ. ಟ್ರಾಂಬೆಯಲ್ಲಿ ವಿಜ್ಞಾನಿಗಳು ಹಿಂದೆ ಶೇಂಗಾ ಬೀಜಕ್ಕೆ ಎಕ್ಸ್‌ರೇ ತಾಗಿಸಿದರು. ವಂಶದ ಎಳೆಯಲ್ಲಿ ಅಲ್ಲಲ್ಲಿ ಬದಲಾವಣೆ ಆಗಿ ಬಗೆಬಗೆಯ ಗಿಡ ಹುಟ್ಟಿದವು. ಬಹಳಷ್ಟು ಕೆಲಸಕ್ಕೆ ಬಾರದವು. ಒಳ್ಳೆಯದನ್ನು ಆರಿಸಿ ಬೆಳೆಸಿ 1973ರಲ್ಲಿ ಟಿ.ಜಿ.-1 ಕೊಟ್ಟರು. ಆ ಕೆಲಸ ಮುಂದುವರಿದು, ಟ್ರಾಂಬೆಯ ಎರಡು ತಳಿಗಳ ಕ್ರಾಸಿನಿಂದ ಬಂದ ಗಿಡ್ಡ ತಳಿ ಟಿ.ಎ.ಜಿ.-24, ಬಿಡುಗಡೆಯಾದದ್ದು 1991ರಲ್ಲಿ. ಕಿರಣ ತಾಗಿದ್ದು ಮುತ್ತಜ್ಜನಿಗೆ. ನಮ್ಮ ಕೈಗೆ ಬಂದ ಬೀಜ ಕಿರಣವನ್ನೇ ಕಂಡಿಲ್ಲ. ಹೊಲ ಕೆಡುವುದು ಎಲ್ಲಿಂದ ಬಂತು?

ಪೊಟ್ಯಾಷ್ ಚೀಲದಲ್ಲೂ ಗಾಮಾ

ಮೇಷ್ಟ್ರು ಹೇಳಿದ್ದರಲ್ಲಿ ನನಗೆ ಬಹಳ ಸೋಜಿಗವಾದದ್ದು ಇದು. ನಾವು ಹಾಕುವ ಪೊಟ್ಯಾಷ್ ಗೊಬ್ಬರದ ಪೊಟ್ಯಾಷಿಯಂನಲ್ಲಿ 10 ಸಾವಿರಕ್ಕೆ ಒಂದರಂತೆ ಪೊಟ್ಯಾಷಿಯಂ-40 ಎಂಬ ಬಗೆ ಇದೆ. ಅದು ತಾನಾಗಿ ಗಾಮಾ ಬಿಡುತ್ತದೆ. ಬಹಳ ಅಲ್ಪ, ತೊಂದರೆಯಿಲ್ಲ. ಮಣ್ಣಿನಲ್ಲಿ, ಕಾಳಿನಲ್ಲಿ, ಬಾಳೆಹಣ್ಣಿನಲ್ಲಿ ಎಲ್ಲೆಲ್ಲೂ ಪೊಟ್ಯಾಷಿಯಂ ಇದೆ. ತಿಂದ ನಮ್ಮ ಮೈಯಲ್ಲೂ ಇದೆ. ಆಳೊಬ್ಬನ ಮೈಯೊಳಗೆ ಪ್ರತಿ ಸೆಕೆಂಡಿಗೂ ಕೆಲವು ನೂರು ಗಾಮಾ ಕಿರಣ ಹುಟ್ಟುತ್ತವೆ.

ಅಂದರೆ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋದವರ ಮೈಯಿಂದಲೂ ಗಾಮಾ ಹೊರಡುತ್ತಿತ್ತು, ಪಡಸಾಲೆಯಲ್ಲಿ ಬೇರೆ ಮಲಗಿದ ನನ್ನ ಮೈಯಿಂದಲೂ ಹೊರಡುತ್ತಿತ್ತು. ಆಸ್ಪತ್ರೆಯ ಕಿರಣ ಮಾತ್ರ ಆಕೆಯ ಮೈಯಲ್ಲಿ ಇರಲಿಲ್ಲ.

ನಿಜವಾಗಿ ಹೆದರಬೇಕಾದ ಜಾಗ

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಒಂದು ಅನಾಹುತ ಆಯಿತು. ಒಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಗಾಮಾ ಮಿಶನ್ನನ್ನು ಹಳೇ ಕಬ್ಬಿಣದ ಜೊತೆ ಹರಾಜು ಹಾಕಿದ್ದರು. ಗುಜರಿಯವರು ಸೀಸದ ಆಸೆಗೆ ಅದನ್ನು ಒಡೆದರು. ಒಳಗೆ ಕೋಬಾಲ್ಟ್-60 ಇತ್ತು. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಯಾರಿಗೂ ಬಿಸಿ ತಾಗಿರಲಿಲ್ಲ, ವಾಸನೆ ಬಂದಿರಲಿಲ್ಲ.

ನಾವೂ ಗುಜರಿ ಮಾರುವವರು, ನಮ್ಮ ಹುಡುಗರಲ್ಲಿ ಹಲವರು ಗುಜರಿ ಅಂಗಡಿಯಲ್ಲಿ ಕೆಲಸಕ್ಕಿರುವವರು. ಹಳದಿ ಬಣ್ಣದ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು, ನಡುವೆ ಒಂದು ಬೊಟ್ಟು ಕಂಡರೆ ಅದು ಇಂಥ ವಸ್ತುವಿನ ಎಚ್ಚರಿಕೆ. ಗಾತ್ರಕ್ಕೆ ಮೀರಿದ ತೂಕದ ಸೀಸದ ಗುಂಡು ಸಿಕ್ಕಿದರೂ ಅನುಮಾನ ಪಡಬೇಕು. ಒಡೆಯಬಾರದು, ಜೇಬಿಗೆ ಹಾಕಿಕೊಳ್ಳಬಾರದು. ದೂರ ಸರಿದು, ಉಳಿದವರನ್ನೂ ದೂರ ನಿಲ್ಲಿಸಿ ಪೊಲೀಸರಿಗೆ ಹೇಳಬೇಕು. ದೂರ ಎರಡರಷ್ಟಾದರೆ ತಾಗುವ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ದೀಪದಿಂದ ದೂರ ಹೋದ ಹಾಗೆಯೇ ಇದೂ.

ಆಸ್ಪತ್ರೆಯಿಂದ ಬಂದ ಹೆಂಗಸಿಗೆ ಹೆದರುತ್ತೇವೆ, ಇಂಥ ಡಬ್ಬಿಗೆ ಸುತ್ತಿಗೆ ಹಾಕುತ್ತೇವೆ. ತಿಳಿಯದಿದ್ದರೆ ಭಯವೂ ಧೈರ್ಯವೂ ಉಲ್ಟಾ ಆಗುತ್ತವೆ.

ಅಂದು ಬೆಂಗಳೂರಿನಿಂದ ಬಂದ ರಾತ್ರಿ ಬೇರೆ ಇಟ್ಟಿದ್ದ ತಟ್ಟೆಯನ್ನು ನಾನೇ ತಂದು ಉಳಿದವುಗಳ ಜೊತೆ ಇಟ್ಟೆ. ಆಕೆ ಒಂದು ಮಾತು ಅಂದಳು: "ಮೊದ್ಲೇ ಕೇಳಬೌದಿತ್ತು." ಹೌದು, ಕೇಳಬಹುದಿತ್ತು. ಈಗ ಆಕೆ ಹುಷಾರಾಗಿದ್ದಾಳೆ. ಆಗ ಕೈಗೆ ಕೊಡಲು ಹೆದರಿದ ಕೂಸು ನನ್ನ ಎತ್ತರಕ್ಕೆ ಬೆಳೆದಿದೆ. ರಜಕ್ಕೆ ಬಂದರೆ ಅತ್ತೆಯ ಕೈಯ ಮುದ್ದೆಯೇ ಬೇಕು ಅವನಿಗೆ.

ನಿಮ್ಮ ಊರಲ್ಲೂ ಯಾರಾದರೂ 'ಕರೆಂಟ್' ಕೊಡಿಸಿಕೊಂಡು ಬಂದಿದ್ದರೆ, ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಹೋಗಿ ಕೂತು ಒಂದು ಲೋಟ ನೀರು ಕೇಳಿ ಕುಡಿಯಿರಿ.